ತೂಕ ಇಳಿಸುವ ಆಪರೇಷನ್ ಆದ ಮೇಲೆ ಊಟ ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಸ್ಲೀವ್ ಆಪರೇಷನ್ ಆಗಿ ನಾಲ್ಕು ವರ್ಷ ದಾಟಿತು. ಅಂದಿನಿಂದ ಪರಿಚಯದವರು, ಅವರ ಪರಿಚಯದವರು, ಯಾರ್ಯಾರೋ ಫೋನ್ ಮಾಡುತ್ತಲೇ ಇರುತ್ತಾರೆ. ಆಪರೇಷನ್ ಬಗ್ಗೆ ಕೇಳುವವರು ಕಡಿಮೆ, ಊಟದ ಬಗ್ಗೆ ಕೇಳುವವರೇ ಜಾಸ್ತಿ. ಅದೇ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಸರ್ಜನ್ ಅಥವಾ ಡಯಟಿಷಿಯನ್ ಹೇಳಿದ್ದಕ್ಕೂ ಇಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಅವರ ಮಾತನ್ನೇ ಕೇಳಿ.

ಆಪರೇಷನ್‌ನಲ್ಲಿ ಹೊಟ್ಟೆಗೆ ಏನು ಮಾಡಿರುತ್ತಾರೆ?

ಸ್ಲೀವ್‌ನಲ್ಲಿ ಜಠರದ ಶೇಕಡಾ 75ರಿಂದ 80 ಭಾಗವನ್ನು ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದರಲ್ಲಿ ಹಿಡಿಸುವುದು ಸುಮಾರು 100ರಿಂದ 150 ಮಿ.ಲೀ. ತೂಕ ಇಳಿಸಲು ಮಾಡುವ ಇನ್ನೊಂದು ಆಪರೇಷನ್ ಬೈಪಾಸ್ (ಹೃದಯದ ಬೈಪಾಸ್ ಅಲ್ಲ, ಜಠರದ್ದು). ಅದರಲ್ಲಿ ಜಠರವನ್ನು ತೆಗೆಯುವುದಿಲ್ಲ. ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ತಿಂದದ್ದು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ. 30 ಮಿ.ಲೀ. ಅಂದರೆ ಎರಡು ದೊಡ್ಡ ಚಮಚ, ಅಷ್ಟೇ.

ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಉಬ್ಬಿನಲ್ಲಿ. ಸ್ಲೀವ್‌ನಲ್ಲಿ ಆ ಭಾಗವೇ ಹೋಗುತ್ತದೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವು ಕಾಣದಂತಾಗುವುದು ಸಹಜ.

ಹೊಟ್ಟೆಗೇನೋ ಆಪರೇಷನ್ ಆಯಿತು. ಕೈಗೆ, ಕಣ್ಣಿಗೆ ಆಗಿಲ್ಲವಲ್ಲ. ಎರಡು ತಿಂಗಳಾದ ಮೇಲೆ ಒಂದು ದಿನ ನಾನೇ ತಟ್ಟೆ ಹಾಕಿಕೊಂಡೆ. ಟಿವಿ ನೋಡುತ್ತಾ ಬಡಿಸಿಕೊಂಡಿದ್ದೆ. ನೋಡಿದರೆ ಹಳೇ ಲೆಕ್ಕದ್ದೇ ರಾಶಿ! ನಾಲ್ಕು ಚಮಚಕ್ಕೆ ಸಾಕಾಯಿತು. ಉಳಿದದ್ದನ್ನು ನೋಡುತ್ತಾ ಕೂತಾಗ ಅರ್ಥವಾಯಿತು, ಕಲಿಯಬೇಕಾದದ್ದು ಇನ್ನು ಕೈ ಅಂತ. ಕೆಳಗಿರುವ ಬಹುಪಾಲು ಪ್ರಶ್ನೆಗಳು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ.

ಮೊದಲ ಕೆಲವು ವಾರ ಏನು ತಿನ್ನಬೇಕು?

ಎಲ್ಲ ಕಡೆ ಹೆಚ್ಚುಕಮ್ಮಿ ಇದೇ ಕ್ರಮ. ಮೊದಲ ಒಂದೆರಡು ದಿನ ನೀರು, ತಿಳಿ ಸೂಪ್‌ನಂಥ ಆರಪಾರ ಕಾಣುವ ದ್ರವ. ಆಮೇಲೆ ಸುಮಾರು ಎರಡು ವಾರದವರೆಗೆ ಹಾಲು, ಸೋಸಿದ ಸೂಪ್, ಪ್ರೋಟೀನ್ ಪುಡಿ ಕಲಸಿದ ಪಾನೀಯ. ಮೂರು–ನಾಲ್ಕನೇ ವಾರ ಗಂಟಿಲ್ಲದಂತೆ ರುಬ್ಬಿದ ಆಹಾರ. ಐದು–ಆರನೇ ವಾರ ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಂಥ ಮೆತ್ತನೆ ಆಹಾರ. ಎರಡು ತಿಂಗಳ ಹೊತ್ತಿಗೆ ನಿಧಾನವಾಗಿ ಮಾಮೂಲಿ ಊಟ. ಒಂದೊಂದು ಆಸ್ಪತ್ರೆಯ ಲೆಕ್ಕದಲ್ಲಿ ಒಂದು ವಾರ ಆಚೆ ಈಚೆ ಇರುತ್ತದೆ.

ಇಷ್ಟು ನಿಧಾನ ಯಾಕೆ ಅಂದರೆ, ಒಳಗೆ ಉದ್ದಕ್ಕೂ ಹೊಲಿಗೆ ಇದೆ. ಗಟ್ಟಿ ಪದಾರ್ಥ ಬಿದ್ದರೆ ಅಲ್ಲಿ ಒತ್ತಡ ಬೀಳುತ್ತದೆ. ಹೊಲಿಗೆ ಸೋರಿದರೆ ಜೀವಕ್ಕೇ ಅಪಾಯ. ‘ನನಗೇನೂ ಆಗ್ತಿಲ್ಲ, ಆರಾಮಾಗಿದ್ದೀನಿ, ಒಂದು ಹಂತ ಹಾರಿಬಿಡ್ತೀನಿ’ ಅನ್ನುವವರು ತುಂಬ ಜನ. ದಯವಿಟ್ಟು ಬೇಡ.

‘ಮೆತ್ತನೆ’ ಅನ್ನುವ ಮಾತಿನ ಬಗ್ಗೆ ಒಂದು ಎಚ್ಚರಿಕೆ. ನಾನು ಮನೆಗೆ ಹೊರಟಾಗ ಕೈಗೆ ಒಂದು ಚೀಟಿ ಕೊಟ್ಟರು. ಐದನೇ ವಾರಕ್ಕೆ ‘ಮೆತ್ತನೆ ಆಹಾರ’ ಅಂತಷ್ಟೇ ಬರೆದಿತ್ತು. ಯಾರೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬ್ರೆಡ್ ಮೆತ್ತಗೇ ಇದೆಯಲ್ಲ ಅಂತ ಅರ್ಧ ಹೋಳು ತಿಂದೆ. ಬ್ರೆಡ್ ಕೈಯಲ್ಲಿ ಮೆತ್ತಗಿರುತ್ತದೆ ನಿಜ, ಎಂಜಲು ತಾಗಿದರೆ ಹಿಟ್ಟಿನ ಉಂಡೆಯಾಗುತ್ತದೆ. ಅದು ಎದೆಯ ಮಧ್ಯದಲ್ಲಿ ಕೂತುಬಿಟ್ಟಿತು. ಬಾಯಿ ತುಂಬ ನೊರೆನೊರೆ ಎಂಜಲು. ನಲವತ್ತು ನಿಮಿಷ ಸಿಂಕ್ ಹಿಡಿದುಕೊಂಡು ನಿಂತಿದ್ದೆ. ಚೀಟಿಯಲ್ಲಿ ಏನು ಬರೆದಿದ್ದರೂ ‘ಇದಕ್ಕೆ ನಾಲ್ಕು ಉದಾಹರಣೆ ಹೇಳಿ’ ಅಂತ ಅಲ್ಲೇ ಕೇಳಿಬಿಡಿ.

ಊಟದ ಜೊತೆ ನೀರು ಕುಡಿಯಬಾರದಂತೆ, ಹೌದಾ?

ಹೌದು. ಎಲ್ಲಕ್ಕಿಂತ ಕಷ್ಟವಾಗುವ ಅಭ್ಯಾಸ ಇದೇ. ಎರಡು ಕಾರಣ. ಒಂದು, ಇರುವ ಜಾಗವೇ ಇಷ್ಟು. ನೀರು ತುಂಬಿಸಿದರೆ ಪ್ರೋಟೀನ್‌ಗೆ ಜಾಗ ಎಲ್ಲಿ? ಇನ್ನೊಂದು, ನೀರಿನ ಜೊತೆ ಊಟ ಬೇಗ ಕೆಳಗಿಳಿದುಹೋಗಿ, ಹೊಟ್ಟೆ ತುಂಬಿದ ಅನುಭವ ಸಿಗದೆ ಮತ್ತೆ ಬೇಕು ಅನಿಸುತ್ತದೆ. ಊಟಕ್ಕೆ ಕೂತಾಗ ನೀರಿನ ಲೋಟವನ್ನು ಮೇಜಿನ ಮೇಲೆ ಇಡಲೇಬೇಡಿ. ಊಟ ಮುಗಿಸಿ 30 ನಿಮಿಷ ಬಿಟ್ಟು ಕುಡಿಯಿರಿ.

ಉಳಿದ ಹೊತ್ತಿನಲ್ಲಿ ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ಒಳಗೆ ಹೋಗಬೇಕು. ಒಂದೇ ಸಲ ಗಟಗಟ ಕುಡಿಯಲು ಆಗುವುದಿಲ್ಲ. ಗುಟುಕು ಗುಟುಕಾಗಿ ದಿನವಿಡೀ ಹೀರುತ್ತಿರಬೇಕು. ಮೊದಲ ತಿಂಗಳು ಬಾಟಲಿಯನ್ನು ಹೋದಲ್ಲೆಲ್ಲ ಹೊತ್ತುಕೊಂಡು ಹೋಗುತ್ತಿದ್ದೆ. ಮನೆಗೆ ವಾಪಸ್ ಬಂದ ಮೇಲೆ ಮತ್ತೆ ಆಸ್ಪತ್ರೆ ಸೇರುವವರಲ್ಲಿ ಎಷ್ಟೋ ಜನರ ತೊಂದರೆ ನೀರು ಸಾಲದಿರುವುದೇ. ಮೂತ್ರ ಗಾಢ ಹಳದಿ ಆದರೆ, ಎದ್ದು ನಿಂತಾಗ ತಲೆ ಸುತ್ತಿದರೆ ನೀರು ಸಾಲುತ್ತಿಲ್ಲ ಅಂತಲೇ ಲೆಕ್ಕ. ಕೆಲವರಿಗೆ ಸಾದಾ ನೀರು ಲೋಹದ ರುಚಿ ಅನಿಸುತ್ತದೆ. ಉಗುರುಬೆಚ್ಚಗೆ ಮಾಡಿ ನೋಡಿ, ಇಲ್ಲವೇ ತಣ್ಣಗೆ ಮಾಡಿ ನೋಡಿ. ಯಾವುದೋ ಒಂದು ಇಳಿಯುತ್ತದೆ.

ಒಂದು ಸಲಕ್ಕೆ ಎಷ್ಟು ತಿನ್ನಬೇಕು, ಹೇಗೆ ತಿನ್ನಬೇಕು?

ರುಬ್ಬಿದ ಆಹಾರದ ಹಂತದಲ್ಲಿ ಎರಡರಿಂದ ನಾಲ್ಕು ದೊಡ್ಡ ಚಮಚ. ಆಮೇಲೆ ಮೆಲ್ಲಗೆ ಅರ್ಧ ಕಪ್. ವರ್ಷದ ಹೊತ್ತಿಗೆ ಸುಮಾರು ಒಂದು ಕಪ್.

ಎಷ್ಟು ತಿನ್ನುತ್ತೀರಿ ಅನ್ನುವಷ್ಟೇ ಮುಖ್ಯ ಹೇಗೆ ತಿನ್ನುತ್ತೀರಿ ಅನ್ನುವುದು. ತುತ್ತು ಬೆರಳ ಉಗುರಿನಷ್ಟಿರಲಿ. 20ರಿಂದ 30 ಸಲ ಅಗಿಯಿರಿ. ಒಂದು ಊಟಕ್ಕೆ 20ರಿಂದ 30 ನಿಮಿಷ ಕೊಡಿ. ನಾನು ಬೇಯಿಸಿದ ಮೊಟ್ಟೆ ಮೊದಲ ಸಲ ತಿಂದದ್ದು ನೆನಪಿದೆ. ಅರ್ಧ ಮೊಟ್ಟೆ, ಟೀ ಚಮಚ, ಎದುರಿಗೆ ಗಡಿಯಾರ. ಒಂದು ಚೂರು ಬಾಯಿಗಿಟ್ಟು ಚಮಚ ಕೆಳಗಿಡುವುದು, ಅಗಿಯುವುದು, ನುಂಗುವುದು, ಒಂದು ನಿಮಿಷ ಸುಮ್ನೆ ಕೂರುವುದು. ಅರ್ಧ ಮೊಟ್ಟೆಗೆ ಇಪ್ಪತ್ತೈದು ನಿಮಿಷ! ನಗು ಬಂತು. ಆದರೆ ಮೊಟ್ಟೆಯ ಹಳದಿಗೆ ಇಷ್ಟೊಂದು ರುಚಿ ಇದೆ ಅಂತ ಅವತ್ತೇ ಗೊತ್ತಾಗಿದ್ದು.

ಮನೆಯಲ್ಲಿರುವ ಅತಿ ಚಿಕ್ಕ ತಟ್ಟೆ, ಮಕ್ಕಳ ಚಮಚ ತೆಗೆದಿಡಿ. ಟಿವಿ, ಮೊಬೈಲ್ ದೂರ ಇಡಿ. ತಟ್ಟೆಯಲ್ಲಿ ಉಳಿದರೆ ಉಳಿಯಲಿ. ಅನ್ನ ಚೆಲ್ಲಬಾರದು ಅಂತ ಬೆಳೆದ ನಮಗೆ ಇದು ಕಷ್ಟ ಅಲ್ವಾ? ಅದಕ್ಕೇ ಮೊದಲೇ ಕಡಿಮೆ ಹಾಕಿಕೊಳ್ಳಬೇಕು.

ಹೊಟ್ಟೆ ತುಂಬಿತು ಅಂತ ಹೇಗೆ ಗೊತ್ತಾಗುತ್ತದೆ?

ಮೊದಲಿನ ಹಾಗೆ ಹೊಟ್ಟೆ ಭಾರವಾಗುವುದಿಲ್ಲ. ಎದೆಗೂಡಿನ ಕೆಳಗೆ, ನಡುವೆ, ಒಂದು ಒತ್ತಿದ ಹಾಗಿನ ಅನುಭವ ಬರುತ್ತದೆ. ಅದಕ್ಕಿಂತ ಮೊದಲೇ ದೇಹ ಚಿಕ್ಕ ಸನ್ನೆ ಮಾಡುತ್ತದೆ. ಕೆಲವರಿಗೆ ಒಂದು ಬಿಕ್ಕಳಿಕೆ, ಕೆಲವರಿಗೆ ತೇಗು, ಕೆಲವರಿಗೆ ಸೀನು. ನನಗೆ ಮೂಗು ಸೋರುತ್ತದೆ. ನೆಗಡಿಯೇನೂ ಇರುವುದಿಲ್ಲ, ಸುಮ್ನೆ ಎರಡು ಹನಿ. ಈಗ ಮನೆಯವರಿಗೂ ಗೊತ್ತು, ಕರ್ಚೀಫ್ ತೆಗೆದೆ ಅಂದರೆ ಊಟ ಮುಗಿಯಿತು ಅಂತ. ನಿಮ್ಮ ಸನ್ನೆ ಯಾವುದು ಅಂತ ಮೊದಲ ತಿಂಗಳಲ್ಲೇ ಹುಡುಕಿಕೊಳ್ಳಿ. ಅದು ಬಂದ ಮೇಲೆ ‘ಇನ್ನೊಂದೇ ತುತ್ತು’ ಅಂದರೆ ಆ ತುತ್ತೇ ನೋವು ಕೊಡುವುದು.

ತಿಂದ ಮೇಲೆ ವಾಂತಿಯಾಗುತ್ತದೆ. ಇದು ಮಾಮೂಲಾ?

ಅವಸರದಲ್ಲಿ ತಿಂದಾಗ, ಜಾಸ್ತಿ ತಿಂದಾಗ, ಒಣಗಿದ ಮಾಂಸ ಅಥವಾ ಅಂಟಿಕೊಳ್ಳುವ ಅನ್ನ ತಿಂದಾಗ ಒಮ್ಮೊಮ್ಮೆ ಆಗಬಹುದು. ಏನು ತಿಂದಿರಿ, ಎಷ್ಟು ಹೊತ್ತಿನಲ್ಲಿ ತಿಂದಿರಿ ಅಂತ ಬರೆದಿಡಿ, ಕಾರಣ ತಾನಾಗಿ ಕಾಣುತ್ತದೆ. ದಿನಾ ಆಗುತ್ತಿದ್ದರೆ ಮಾಮೂಲಲ್ಲ. ಬಿಡದೆ ವಾಂತಿಯಾದರೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಕೆಲವೇ ವಾರಗಳಲ್ಲಿ ಖಾಲಿಯಾಗಿ ನರಗಳಿಗೂ ಮೆದುಳಿಗೂ ಪೆಟ್ಟು ಬೀಳಬಹುದು. ‘ತಾನಾಗಿ ಸರಿಹೋಗುತ್ತದೆ’ ಅಂತ ಕಾಯಬೇಡಿ.

ಪ್ರೋಟೀನ್ ಪ್ರೋಟೀನ್ ಅಂತ ಯಾಕೆ ಅಷ್ಟು ಹೇಳುತ್ತಾರೆ?

ತೂಕ ಬೇಗ ಇಳಿಯುವಾಗ ದೇಹ ಕೊಬ್ಬನ್ನಷ್ಟೇ ಕರಗಿಸುವುದಿಲ್ಲ, ಸ್ನಾಯುವನ್ನೂ ತಿನ್ನುತ್ತದೆ. ಅದನ್ನು ತಡೆಯಲು ಪ್ರೋಟೀನ್ ಬೇಕು, ಜೊತೆಗೆ ನಡಿಗೆ, ವ್ಯಾಯಾಮ ಬೇಕು. ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಅನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 7 ಗ್ರಾಂ ಇರುತ್ತದೆ. ಲೆಕ್ಕ ಹಾಕಿ ನೋಡಿ, 60 ಎಷ್ಟು ದೂರ ಅಂತ ಗೊತ್ತಾಗುತ್ತದೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಪುಡಿ ಬೇಕಾಗುವುದು.

ತಟ್ಟೆಯಲ್ಲಿ ಏನಿದ್ದರೂ ಪ್ರೋಟೀನ್‌ಗೆ ಮೊದಲು ಕೈ ಹಾಕಿ. ಮೊಟ್ಟೆ, ಮೀನು, ಕೋಳಿ, ಬೇಳೆ, ಕಾಳು, ಮೊಸರು, ಯಾವುದಾದರೂ ಸರಿ. ಆಮೇಲೆ ತರಕಾರಿ. ಅನ್ನ, ಬ್ರೆಡ್ ಕೊನೆಗೆ, ಜಾಗ ಉಳಿದಿದ್ದರೆ. ಮಾಂಸ ತಿನ್ನದವರಿಗೂ ಇದು ಸಾಧ್ಯ. ಲೆಕ್ಕ ಸ್ವಲ್ಪ ಬಿಗಿಯಾಗಿ ಇಡಬೇಕು, ಅಷ್ಟೇ. ಆಪರೇಷನ್ ಆದ ಮೇಲೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಶುರುವಾದರೆ ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ) ತೆಗೆದ ಹಾಲು ಅಥವಾ ಮೊಸರು ಪ್ರಯತ್ನಿಸಿ.

ಸಿಹಿ ತಿಂದೊಡನೆ ಎದೆ ಹೊಡೆದುಕೊಂಡು ಬೆವರು ಬರುತ್ತದೆ. ಏನಿದು?

ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಬೈಪಾಸ್ ಆದವರಿಗೆ ಜಾಸ್ತಿ, ಸ್ಲೀವ್ ಆದವರಿಗೂ ಕೆಲವೊಮ್ಮೆ ಆಗುತ್ತದೆ. ಸಕ್ಕರೆ ಜಾಸ್ತಿ ಇರುವ ಆಹಾರ ಜಠರದಲ್ಲಿ ನಿಲ್ಲದೆ ಧಡಕ್ಕನೆ ಸಣ್ಣ ಕರುಳಿಗೆ ಬಿದ್ದಾಗ, ಅದನ್ನು ತೆಳು ಮಾಡಲು ರಕ್ತದಿಂದ ನೀರು ಕರುಳಿಗೆ ನುಗ್ಗುತ್ತದೆ. ತಿಂದ 10ರಿಂದ 30 ನಿಮಿಷದಲ್ಲಿ ಹೊಟ್ಟೆ ಹಿಂಡುವುದು, ಭೇದಿ, ತಲೆಸುತ್ತು, ಎದೆ ಡವಡವ, ಬೆವರು.

ಇನ್ನೊಂದು ಬಗೆಯದು ತಿಂದು ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ. ಸಕ್ಕರೆ ಬೇಗ ರಕ್ತಕ್ಕೆ ಸೇರಿ, ದೇಹ ಗಾಬರಿಯಿಂದ ಇನ್ಸುಲಿನ್ ಜಾಸ್ತಿ ಬಿಟ್ಟು, ಕೊನೆಗೆ ಸಕ್ಕರೆ ಅಂಶ ತೀರಾ ಕೆಳಗಿಳಿಯುತ್ತದೆ. ಕೈ ನಡುಕ, ತಣ್ಣನೆ ಬೆವರು, ಬುದ್ಧಿ ಮಂಕು. ವಾಹನ ಓಡಿಸುವಾಗ ಹೀಗಾದರೆ ತುಂಬ ಅಪಾಯ. ಪದೇ ಪದೇ ಆಗುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಸಿಹಿ ಪಾನೀಯ, ಹಣ್ಣಿನ ಜ್ಯೂಸ್ ಬಿಟ್ಟು, ಚಿಕ್ಕ ಚಿಕ್ಕ ಊಟ ಮಾಡಿ, ಪ್ರತಿ ಊಟದಲ್ಲೂ ಪ್ರೋಟೀನ್ ಇಟ್ಟುಕೊಂಡರೆ ಬಹಳ ಮಂದಿಗೆ ಹತೋಟಿಗೆ ಬರುತ್ತದೆ.

ಹಸಿವೇ ಇಲ್ಲ. ಒಂದು ಹೊತ್ತು ಊಟ ಬಿಡಬಹುದಾ?

ಬೇಡ. ಈಗ ಹೊಟ್ಟೆ ಕೇಳುವುದಿಲ್ಲ, ಗಡಿಯಾರ ನೋಡಿ ತಿನ್ನಬೇಕು. ಮೊಬೈಲಿನಲ್ಲಿ ಅಲಾರಂ ಇಟ್ಟುಬಿಡಿ.

ಹೊಟ್ಟೆ ತುಂಬಿದೆ, ಆದರೂ ಏನಾದರೂ ತಿನ್ನಬೇಕು ಅನಿಸುತ್ತದೆ. ನನಗೆ ಏನಾಗಿದೆ?

ಏನೂ ಆಗಿಲ್ಲ. ಎಲ್ಲರಿಗೂ ಆಗುತ್ತದೆ, ಹೇಳಿಕೊಳ್ಳುವವರು ಕಡಿಮೆ. ಇದು ಮನಸ್ಸಿನ ಹಸಿವು. ಹೊಟ್ಟೆಯ ಹಸಿವು ಮೆಲ್ಲಗೆ ಏರುತ್ತದೆ, ಏನು ಕೊಟ್ಟರೂ ತಣಿಯುತ್ತದೆ. ಮನಸ್ಸಿನ ಹಸಿವು ಹಠಾತ್ತನೆ ಬರುತ್ತದೆ, ಇಂಥದೇ ಬೇಕು ಅನ್ನುತ್ತದೆ. ಉಪ್ಪು ಖಾರದ್ದು, ಕರುಂಕುರುಂ ಅನ್ನುವಂಥದ್ದು. ಬೇಸರಕ್ಕೆ, ಸಿಟ್ಟಿಗೆ, ಕೆಲಸ ಮುಗಿದ ಸುಸ್ತಿಗೆ ನಾವು ಎಷ್ಟೋ ವರ್ಷ ತಿಂಡಿಯನ್ನೇ ಮದ್ದು ಮಾಡಿಕೊಂಡಿದ್ದೆವು. ಮದ್ದಿನ ಡಬ್ಬಿ ಕಿತ್ತುಕೊಂಡ ಮಾತ್ರಕ್ಕೆ ಕಾಯಿಲೆ ಹೋಗುತ್ತದಾ?

ನನಗೆ ಸಂಜೆ ಆರು ಗಂಟೆ ಕಷ್ಟ. ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೈ ಡಬ್ಬಿಗೆ ಹೋಗುತ್ತಿತ್ತು. ಆಪರೇಷನ್ ಆದ ಮೂರನೇ ತಿಂಗಳಲ್ಲೂ ಹೋಯಿತು. ಮುಚ್ಚಳ ತೆರೆದು ನಿಂತಾಗ ಹಸಿವಿನ ಸುಳಿವೂ ಇರಲಿಲ್ಲ. ಆಮೇಲೆ ಮನೆಗೆ ಬರುವ ದಾರಿಯನ್ನೇ ಬದಲಿಸಿದೆ. ನೇರ ಒಳಗೆ ಬಾರದೆ ಹದಿನೈದು ನಿಮಿಷ ನಡೆದು ಬರುವುದು. ಯಾವಾಗಲೂ ಕೆಲಸ ಮಾಡಿತು ಅಂತ ಹೇಳಲಾರೆ, ಜಾಸ್ತಿ ದಿನ ಮಾಡಿತು. ಈ ಆಸೆ ತಡೆಯಲಾಗದಷ್ಟು ಇದ್ದರೆ, ಮನಸ್ಸು ಮಂಕಾಗಿದ್ದರೆ ಕೌನ್ಸೆಲರ್ ಹತ್ತಿರ ಮಾತಾಡಿ. ಅದೂ ಚಿಕಿತ್ಸೆಯ ಭಾಗವೇ.

ವಿಟಮಿನ್ ಮಾತ್ರೆ ಎಷ್ಟು ದಿನ?

ಜೀವನಪರ್ಯಂತ. ಊಟ ಕಡಿಮೆ, ಬೈಪಾಸ್‌ನಲ್ಲಿ ಹೀರಿಕೊಳ್ಳುವುದೂ ಕಡಿಮೆ. ಸಾಮಾನ್ಯವಾಗಿ ಒಂದು ಮಲ್ಟಿವಿಟಮಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಕಬ್ಬಿಣ ಕೊಡುತ್ತಾರೆ. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿ.ಗ್ರಾಂ, ಆದರೆ ಒಂದೇ ಸಲಕ್ಕೆ 600ಕ್ಕಿಂತ ಜಾಸ್ತಿ ಬೇಡ. ಸಿಟ್ರೇಟ್ ರೂಪದ್ದಾದರೆ ಒಳ್ಳೆಯದು, ಜಠರದಲ್ಲಿ ಆಮ್ಲ ಕಡಿಮೆ ಇದ್ದರೂ ದೇಹ ಅದನ್ನು ಹೀರಿಕೊಳ್ಳುತ್ತದೆ. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಇರಲಿ. ಕಬ್ಬಿಣದ ಮಾತ್ರೆಯ ಹತ್ತಿರ ಟೀ, ಕಾಫಿಯೂ ಬೇಡ. ಆರಾಮಾಗಿದ್ದೀನಿ ಅಂತ ಎರಡನೇ ವರ್ಷ ಮಾತ್ರೆ ಬಿಡುವವರು ಬಹಳ. ಬಿ12 ಕೊರತೆ ಸದ್ದಿಲ್ಲದೆ ಬರುತ್ತದೆ, ಕಾಲು ಜೋಮು ಹಿಡಿದಾಗಲೇ ಗೊತ್ತಾಗುವುದು. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಿ.

ಕೂದಲು ಉದುರುತ್ತಿದೆ!

ಮೂರರಿಂದ ಆರು ತಿಂಗಳ ನಡುವೆ ಬಹಳ ಜನರಿಗೆ ಉದುರುತ್ತದೆ. ದೇಹಕ್ಕೆ ಬಿದ್ದ ಏಟಿಗೆ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗಿ ಉದುರುವುದು ಇದು. ಬುಡ ಸತ್ತಿರುವುದಿಲ್ಲ, ವಾಪಸ್ ಬರುತ್ತದೆ. ವರ್ಷ ಕಳೆದರೂ ನಿಲ್ಲದಿದ್ದರೆ ಪ್ರೋಟೀನ್, ಕಬ್ಬಿಣ, ಸತು ಕಡಿಮೆ ಇದೆಯಾ ನೋಡಿಸಿ.

ಸೋಡಾ, ಕಾಫಿ, ಮದ್ಯ?

ಸೋಡಾದ ಗ್ಯಾಸ್ ಚಿಕ್ಕ ಹೊಟ್ಟೆಯಲ್ಲಿ ನೋವು ತರುತ್ತದೆ, ಬಿಟ್ಟುಬಿಡಿ. ಕಾಫಿಯನ್ನು ಮೊದಲ ತಿಂಗಳು ಕೆಲವರು ನಿಲ್ಲಿಸಲು ಹೇಳುತ್ತಾರೆ, ಆಮೇಲೆ ಹಿತಮಿತವಾಗಿ ಕುಡಿಯಬಹುದು, ಸಕ್ಕರೆ ಇಲ್ಲದೆ.

ಮದ್ಯದ ವಿಷಯ ಬೇರೆ. ಆಪರೇಷನ್ ಆದ ಮೇಲೆ, ಅದರಲ್ಲೂ ಬೈಪಾಸ್ ಆದವರಲ್ಲಿ, ಅದು ಬಹಳ ಬೇಗ ರಕ್ತಕ್ಕೆ ಏರುತ್ತದೆ, ಮೊದಲಿಗಿಂತ ಮೇಲಕ್ಕೆ ಏರುತ್ತದೆ. ಒಂದು ಗ್ಲಾಸಿಗೇ ವಾಹನ ಓಡಿಸುವ ಸ್ಥಿತಿ ಇರುವುದಿಲ್ಲ. ಎರಡನೇ ವರ್ಷದ ಸುಮಾರಿಗೆ ಕುಡಿತ ಚಟವಾಗುವ ಅಪಾಯ ಹೆಚ್ಚುತ್ತದೆ ಅನ್ನುವುದೂ ಅಧ್ಯಯನಗಳಲ್ಲಿ ಕಂಡಿದೆ. ಮೊದಲು ಊಟದಲ್ಲಿ ಹುಡುಕುತ್ತಿದ್ದ ಸಮಾಧಾನವನ್ನು ಕೆಲವರು ಗ್ಲಾಸಿನಲ್ಲಿ ಹುಡುಕಲು ಶುರುಮಾಡುತ್ತಾರೆ. ಸಿಗರೇಟು ಬೇಡವೇ ಬೇಡ, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ.

ನೆಂಟರ ಮನೆಗೆ ಹೋದಾಗ, ಹೋಟೆಲಿಗೆ ಹೋದಾಗ ಏನು ಮಾಡುವುದು?

‘ಹೊಟ್ಟೆ ಸರಿ ಇಲ್ಲ’ ಅಂದರೆ ಕಷಾಯ ಬರುತ್ತದೆ. ‘ಡಯಟ್’ ಅಂದರೆ ‘ಒಂದು ದಿನ ಪರವಾಗಿಲ್ಲ’ ಅಂತಾರೆ. ನಾನು ಕಂಡುಕೊಂಡದ್ದು ‘ಸ್ವಲ್ಪ ಸ್ವಲ್ಪವೇ ಹಾಕಿಸಿಕೊಳ್ತೀನಿ’ ಅನ್ನುವ ಮಾತು. ಬಡಿಸುವವರಿಗೂ ಸಮಾಧಾನ. ನಿಧಾನವಾಗಿ ತಿನ್ನುತ್ತಾ ಮಾತಾಡುತ್ತಿದ್ದರೆ ತಟ್ಟೆಯಲ್ಲಿ ಎಷ್ಟಿದೆ ಅಂತ ಯಾರೂ ನೋಡುವುದಿಲ್ಲ. ಆಪರೇಷನ್ ಆದದ್ದು ಹೇಳಬೇಕಾ ಬೇಡವಾ ಅನ್ನುವುದು ನಿಮ್ಮಿಷ್ಟ. ಆದರೆ ಮನೆಯಲ್ಲಿ ಅಡುಗೆ ಮಾಡುವವರಿಗೆ, ಬಡಿಸುವವರಿಗೆ ಎಲ್ಲವೂ ಗೊತ್ತಿರಲಿ.

ಹೋಟೆಲಿನಲ್ಲಿ ಹಂಚಿಕೊಂಡು ತಿನ್ನಿ, ಇಲ್ಲವೇ ಉಳಿದದ್ದನ್ನು ಕಟ್ಟಿಸಿಕೊಳ್ಳಿ.

ಮಲಬದ್ಧತೆ ಶುರುವಾಗಿದೆ.

ಊಟ ಕಡಿಮೆ, ನಾರು ಕಡಿಮೆ, ಕಬ್ಬಿಣದ ಮಾತ್ರೆ ಬೇರೆ. ಮೊದಲು ನೀರು ಜಾಸ್ತಿ ಮಾಡಿ, ನಡೆಯಿರಿ. ಸರಿಹೋಗದಿದ್ದರೆ ಡಾಕ್ಟರ್ ಹತ್ತಿರ ಔಷಧಿ ಕೇಳಿ.

ಹಳೇ ಮಾತ್ರೆಗಳನ್ನು ಹಾಗೇ ಮುಂದುವರಿಸಬಹುದಾ?

ಕೇಳದೆ ಬೇಡ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳ ಪ್ರಮಾಣ ದಿನಗಳಲ್ಲೇ ಇಳಿಸಬೇಕಾಗಬಹುದು, ಇಲ್ಲದಿದ್ದರೆ ಸಕ್ಕರೆ ಅಥವಾ ಬಿಪಿ ತೀರಾ ಕೆಳಗೆ ಹೋಗುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಹುಣ್ಣು ತರುತ್ತದೆ. ಬೈಪಾಸ್ ಆದವರು ಇವುಗಳಿಂದ ದೂರವೇ ಇರಬೇಕು. ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ಆಪರೇಷನ್ ಆಗಿದೆ ಅಂತ ಮೊದಲೇ ಹೇಳಿ. ಮಗು ಬೇಕು ಅನ್ನುವವರು ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಬೇಕಾಗುತ್ತದೆ.

ತೂಕ ಇಳಿಯುವುದು ನಿಂತುಬಿಟ್ಟಿದೆ. ಆಪರೇಷನ್ ಕೆಟ್ಟಿತಾ?

ಮೂರನೇ ವಾರದ ಆಸುಪಾಸಿನಲ್ಲಿ ಒಮ್ಮೆ ಮುಳ್ಳು ಅಲ್ಲಾಡದೆ ನಿಲ್ಲುತ್ತದೆ. ಆಮೇಲೂ ಆಗಾಗ ನಿಲ್ಲುತ್ತದೆ. ವಾರಕ್ಕೊಂದು ಸಲ ಮಾತ್ರ ತೂಕ ನೋಡಿ. ಬಹುಪಾಲು ಜನರ ತೂಕ ಇಳಿಯುವುದು ಒಂದರಿಂದ ಒಂದೂವರೆ ವರ್ಷ. ಎರಡನೇ ವರ್ಷದ ನಂತರ ಸ್ವಲ್ಪ ವಾಪಸ್ ಬರುವುದೂ ಸಾಮಾನ್ಯ.

ಜಾಸ್ತಿ ವಾಪಸ್ ಬರುತ್ತಿದ್ದರೆ ಊಟದ ತಟ್ಟೆಯನ್ನು ಆಮೇಲೆ ನೋಡಿ, ಊಟದ ನಡುವಿನ ಹೊತ್ತನ್ನು ಮೊದಲು ನೋಡಿ. ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್ ಚಿಕ್ಕ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ, ಜಾರಿಹೋಗುತ್ತವೆ. ಒಂದು ತುಂಡು ಕೋಳಿಗೆ ಸಾಕು ಅನ್ನುವ ಹೊಟ್ಟೆ ಒಂದು ಪೊಟ್ಟಣ ಬಿಸ್ಕತ್ತನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಸದ್ದಿಲ್ಲದೆ ಮುಗಿಸಬಲ್ಲದು. ನಾನು ಮುಗಿಸಿದ್ದೇನೆ. ಮೂರನೇ ವರ್ಷ ನಾಲ್ಕು ಕಿಲೋ ಏರಿದ್ದು ಹಾಗೆಯೇ. ನಾಚಿಕೆಯಿಂದ ಡಯಟಿಷಿಯನ್ ಭೇಟಿಯನ್ನು ಎರಡು ಸಲ ಮುಂದೂಡಿದೆ. ಕೊನೆಗೆ ಹೋದಾಗ ಅವರು ಬೈಯಲಿಲ್ಲ, ಒಂದು ವಾರ ತಿಂದದ್ದನ್ನೆಲ್ಲ ಬರೆದು ತರಲು ಹೇಳಿದರು. ಬರೆಯಬೇಕಲ್ಲ ಅಂತಲೇ ಅರ್ಧ ತಿನ್ನುವುದು ನಿಂತಿತು.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಜ್ವರ, ಬಿಡದ ಎದೆಬಡಿತ, ತಡೆಯಲಾಗದ ಹೊಟ್ಟೆನೋವು, ಉಸಿರಾಟದ ಕಷ್ಟ, ಕಪ್ಪು ಮಲ, ರಕ್ತ ವಾಂತಿ, ಕಾಲಿನ ಮೀನಖಂಡ ಊದಿ ನೋಯುವುದು, ನೀರೂ ನಿಲ್ಲದಂತೆ ವಾಂತಿ. ಇವುಗಳಲ್ಲಿ ಒಂದಿದ್ದರೂ ರಾತ್ರಿ ಎರಡಾದರೂ ಹೊರಡಿ. ತಿಂಗಳುಗಳ ನಂತರ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಪಿತ್ತಕೋಶದ ಕಲ್ಲಿರಬಹುದು. ತೂಕ ಬೇಗ ಇಳಿದವರಲ್ಲಿ ಅದು ಆಗಾಗ ಕಾಣುತ್ತದೆ.

ಮತ್ತೆ ಯಾವತ್ತಾದರೂ ಎಲ್ಲರಂತೆ ಊಟ ಮಾಡುತ್ತೇನಾ?

ಮಾಡುತ್ತೀರಿ. ಮನೆಯಲ್ಲಿ ನನಗಾಗಿ ಬೇರೆ ಅಡುಗೆ ಇಲ್ಲ. ಎಲ್ಲರ ಜೊತೆ ಕೂತು ಅದನ್ನೇ ತಿನ್ನುತ್ತೇನೆ. ತಟ್ಟೆ ಚಿಕ್ಕದು, ಏಳುವುದು ಎಲ್ಲರಿಗಿಂತ ಕೊನೆಗೆ. ಮೊನ್ನೆ ಬಡಿಸಿಕೊಳ್ಳುವಾಗ ಗಮನಿಸಿದೆ, ಟಿವಿ ನೋಡುತ್ತಿದ್ದರೂ ಕೈ ಎರಡನೇ ಸೌಟಿಗೆ ತಾನಾಗಿ ನಿಂತಿತ್ತು. ಬ್ರೆಡ್ ಮಾತ್ರ ಇನ್ನೂ ಜಗಳ. ಗರಿಗರಿಯಾಗಿ ಸುಟ್ಟರೆ ಇಳಿಯುತ್ತದೆ, ಮೆತ್ತಗಿದ್ದರೆ ಇವತ್ತಿಗೂ ಎದೆಯ ಮಧ್ಯದಲ್ಲೇ ಕೂರುತ್ತದೆ.